2500 ಅಂತ ಬರದೈತಿ, 1100 ಯಾಕ ತೋರಸ್ತೈತಿ?

ಹೋದ ತಿಂಗಳು ಧಾರವಾಡದಾಗ ಸಪ್ತಾಪುರ ಕಡೆ ಒಂದು ಸಣ್ಣ ಹಾಲ್‌ನ್ಯಾಗ ರವಿವಾರ ಸಂಜಿಮುಂದ ಹಳೇ ಕಂಪ್ಯೂಟರಿನ ಪ್ರೊಸೆಸರ್ ಯಾಕ ನಿಧಾನ ಆಗ್ತೈತಿ, ಯಾಕ ಹ್ಯಾಂಗ್ ಆಗ್ತೈತಿ ಅಂತ ನಾ ಮಾತಾಡಿದ್ದು ಇದು. ಬಂದವ್ರು ಮೂವತ್ತು ಮೂವತ್ತೈದು ಮಂದಿ, ಅರ್ಧ ಡಿಪ್ಲೊಮಾ ಹುಡುಗ್ರು, ಉಳದವ್ರು ಡಿಟಿಪಿ ಅಂಗಡಿಯವ್ರು, ಝೆರಾಕ್ಸ್ ಅಂಗಡಿಯವ್ರು, ಮತ್ತ ಮನ್ಯಾಗ ಒಂದು ಹಳೇ ಡಬ್ಬಿ ಇಟ್ಕೊಂಡು ಒಗ್ಯಾಕ ಮನಸ್ಸು ಬರದವ್ರು. ಆಮ್ಯಾಲ ನಾಕ್ ಮಂದಿ ಬರದ್ ಕೊಡ್ರಿ ಅಂತ ಕೇಳಿದ್ರು, ಅದಕ್ಕ ಫೋನ್‌ನ್ಯಾಗ ರೆಕಾರ್ಡ್ ಆಗಿದ್ದು ಕೇಳ್ಕೋತ ಕುಂತು ಟೈಪ್ ಮಾಡೀನಿ, ಫ್ಯಾನಿನ ಸಪ್ಪಳಕ್ಕ ಕೇಳಿಸದಿದ್ದಲ್ಲಿ ನೆನಪಿಂದ ತುಂಬೀನಿ, ಎರಡು ಜೋಕ್ ತಗದೀನಿ, ಬರಹದಾಗ ಅವು ನಡ್ಯಾಂಗಿಲ್ಲ.

ಮೊದಲ ಒಂದ್ ಮಾತ್ರಿ. ನಮ್ ಕಡೆ ಇಡೀ ಡಬ್ಬಿಗೇ ಸಿಪಿಯು ಅಂತಾರ, "ಸಿಪಿಯು ಗಾಡಿ ಮ್ಯಾಲ ಹೊತ್ಕೊಂಡ್ ಬಂದೀನ್ರಿ" ಅಂತ ಅಂಗಡಿಗೆ ಬರ್ತಾರ. ನಾ ಇವತ್ತು ಪ್ರೊಸೆಸರ್ ಅಂದ್ರ ಆ ಡಬ್ಬಿ ಒಳಗ, ಫ್ಯಾನಿನ ಬುಡಕ ಕುಂತಿರೋ ಬಿಸ್ಕೀಟಿನಷ್ಟ ಚಿಪ್ಪು, ಅದೊಂದ ಅಂತ ತಿಳ್ಕೋರಿ.

ಗದಗ-ಬೆಟಗೇರ್ಯಾಗ ನಮ್ ಸೋದರಮಾವಂದು ಒಂದು ಸಣ್ಣ ಪ್ರೆಸ್ ಐತಿ. ಗದಗ ಅಂದ್ರ ಮುದ್ರಣ, ಅದನ್ನ ನಿಮಗ ನಾ ಹೇಳೋದ್ ಬ್ಯಾಡ. ಲಗ್ನಪತ್ರಿಕಿ, ಪಾವತಿ ಪುಸ್ತಕ, ಜಾತ್ರಿ ಹ್ಯಾಂಡ್‌ಬಿಲ್ಲು, ಇವ ಅವರ ಕೆಲಸ. ಅಲ್ಲೊಂದು ಮಷಿನ್ ಐತಿ, 2003ರ ಕಡೀಕ ಜೋಡಿಸಿದ್ದು, ಒಳಗ ಎಎಂಡಿ ಕಂಪನಿಯ ಅಥ್ಲಾನ್ ಎಕ್ಸ್‌ಪಿ 2500 ಪ್ಲಸ್ ಅನ್ನೋ ಪ್ರೊಸೆಸರ್, ವಿಂಡೋಸ್ ಎಕ್ಸ್‌ಪಿ, ಪುಟ ಜೋಡಿಸೋ ಪೇಜ್‌ಮೇಕರ್ ಪ್ರೋಗ್ರಾಂ. ಪೇಜ್‌ಮೇಕರ್ 2001ರಾಗ 7.0 ಬಂತು, ಅದ ಕಡೀದು. ಕನ್ನಡ ಫಾಂಟು ಯುನಿಕೋಡಿನ ಮುಂಚಿನವು, ಅವಕ್ಕ ಹಿಂದ ಪ್ರಿಂಟರ್ ಪೋರ್ಟಿಗೆ ಸಿಗಿಸೋ ಒಂದು ಲಾಕ್ ಬೇಕು, ಈಗಿನ ಕಂಪ್ಯೂಟರಿಗೆ ಆ ಪೋರ್ಟೇ ಇರಂಗಿಲ್ಲ. ಇಪ್ಪತ್ತು ವರ್ಷದ ಲಗ್ನಪತ್ರಿಕಿ ಡಿಸೈನ್ ಎಲ್ಲಾ ಅದರಾಗ ಅದಾವು. ಅಪ್ಪಂದು ಮಾಡಿದ ಪ್ರೆಸ್ಸಿಗೇ ಮಗಂದೂ ಮಾಡ್ಸಾಕ ಬರ್ತಾರ, "ಅದ ಗಣಪತಿ ಇರ್ಲಿ ನೋಡ್ರಿ" ಅಂತಾರ. ಹೊಸಾದು ತಗೋ ಅಂತ ಅಂಥವ್ರಿಗೆ ಹೇಳೋದು ಸುಲಭ, ಮಾಡೋದು ಅವ್ರಿಗೆ ಗೊತ್ತು.

ಎರಡು ವರ್ಷದ ಕೆಳಗ ಏಪ್ರಿಲ್‌ನ್ಯಾಗ ಮಾವನ ಫೋನ್ ಬಂತು. "ಏ ಅಳಿಯಾ, ಮಷಿನ್ ಭಾಳ ನಿಧಾನ ಆಗೇತಿ, ದಿನಕ್ಕ ನಾಕ್ ಸಲ ಹ್ಯಾಂಗ್ ಆಗಾಕತ್ತೈತಿ, ಆನ್ ಮಾಡಿದ್ರ 1100 ಅಂತ ತೋರಸ್ತೈತಿ, ಡಬ್ಬಿ ಮ್ಯಾಲ 2500 ಅಂತ ಐತಿ, ಉಳದದ್ದು ಯಾರ್ ತಿಂದ್ರು?" ಅಂದ.

ಯಾರೂ ತಿಂದಿಲ್ಲ. 2500 ಅನ್ನೋದು ಮೆಗಾಹರ್ಟ್ಸ್ (ಸೆಕೆಂಡಿಗೆ ಎಷ್ಟು ದಶಲಕ್ಷ ತಾಳ ಅನ್ನೋ ಸ್ಪೀಡಿನ ಅಳತಿ) ಅಲ್ಲ, ಮಾಡೆಲ್ ನಂಬರ್. ಆಗ ಇಂಟೆಲ್‌ದವ್ರ ಪೆಂಟಿಯಂ 4 ಮೆಗಾಹರ್ಟ್ಸ್ ಲೆಕ್ಕದಾಗ ಓಡಿ ಹೋಗಿತ್ತು, ಎಎಂಡಿ ಚಿಪ್ಪು ಕಡಿಮಿ ಮೆಗಾಹರ್ಟ್ಸಿನಾಗ ಅಷ್ಟ ಕೆಲಸ ಮಾಡ್ತಿತ್ತು, ಗಿರಾಕಿ ಅಂಗಡ್ಯಾಗ ನಂಬರ್ ನೋಡೇ ತಗೋತಾನ ಅನ್ನೋದು ಗೊತ್ತಿದ್ದ ಮಂದಿ ಅವ್ರು, ಅದಕ್ಕ ಹಿಂಗ ನಂಬರ್ ಇಟ್ರು. ಖರೇ ಸ್ಪೀಡು 1833. ಅದು ಹೆಂಗ ಬಂತಂದ್ರ ಬೋರ್ಡಿನಿಂದ, ಅಂದ್ರ ಚಿಪ್ಪು ಕುಂತಿರೋ ಮದರ್‌ಬೋರ್ಡಿನಿಂದ, 166 ಮೆಗಾಹರ್ಟ್ಸಿನ ತಾಳ ಬರ್ತೈತಿ, ಚಿಪ್ಪು ತನ್ನೊಳಗ ಅದನ್ನ 11 ಪಟ್ಟು ಮಾಡ್ಕೋತೈತಿ. 166ರ ಜಾಗಾದಾಗ 100 ಇದ್ರ 11 ನೂರ್ಲೆ 1100. ಮಾವ ಫೋನ್‌ನ್ಯಾಗ 1100 ಅಂದ ಕೂಡ್ಲೇ ನನಗ ಗೊತ್ತಾತು, ಚಿಪ್ಪು ಚಲೋನ ಐತಿ, ಬೋರ್ಡು ತಪ್ಪು ತಾಳ ಹಾಕಾಕತ್ತೈತಿ. ಸಣ್ಣ ಗುಣಾಕಾರ ಇದು, ಆದ್ರ ಎಷ್ಟೋ ಮಂದಿ ರಿಪೇರಿಯವ್ರು ಇದನ್ನ ಮಾಡದ "ಪ್ರೊಸೆಸರ್ ಹೋಗೇತಿ" ಅಂದುಬಿಡ್ತಾರ.

ಬೋರ್ಡ್ ಯಾಕ ತಪ್ಪಿತು? ಬಯಾಸಿನ, ಅಂದ್ರ ಆನ್ ಮಾಡಿದ ಕೂಡ್ಲೇ ಬೋರ್ಡಿನಾಗ ಮೊದಲ ಓಡೋ ಪ್ರೋಗ್ರಾಮಿನ, ಸೆಲ್. ನಾಣ್ಯದಂಗ ಇರೋ ಸಿಆರ್ 2032, ಹೊಸಾದಿದ್ದಾಗ 3 ವೋಲ್ಟ್. ಅದು ಸತ್ರ ಬೋರ್ಡು ತನ್ನ ಸೆಟ್ಟಿಂಗ್ ಎಲ್ಲಾ ಮರತು, ಹೊಸದಾಗಿ ಹುಟ್ಟಿದವರಂಗ, ಯಾವ ಚಿಪ್ಪು ಹಾಕಿದ್ರೂ ನಡೀಲಿ ಅಂತ ಅಗದೀ ಕಡಿಮಿ ತಾಳಕ್ಕ ಹೋಗ್ತೈತಿ. ಮಾವನ ಸೆಲ್ ಅಳದ್ರ 2.1 ಬಂತು. ಹಾಕಿದೆ ಹೊಸಾದು, ಬಯಾಸಿಗೆ ಹೋಗಿ 166 ಮಾಡ್ದೆ, ರಿಸ್ಟಾರ್ಟ್ ಮಾಡ್ದೆ, ಎಕ್ಸ್‌ಪಿ ಲೋಗೋ ಬಂತು, ಅಲ್ಲೇ ನಿಂತ್ ಬಿಡ್ತು. ಮತ್ತ ಮಾಡ್ದೆ, ಈ ಸಲ ನೀಲಿ ಸ್ಕ್ರೀನ್.

ಆವಾಗ ಮಾವ ಮೆಲ್ಲಕ ಬಾಯಿ ಬಿಟ್ಟ. ಹಿಂದ ಒಮ್ಮಿ ಹಿಂಗ ಹ್ಯಾಂಗ್ ಆಗ್ತಿತ್ತಂತ, ಒಬ್ಬ ಹುಡುಗ ಬಂದು ಏನೋ ಮಾಡಿ ಹೋದ, ಅಲ್ಲಿಂದ ಹ್ಯಾಂಗ್ ಆಗೋದು ನಿಂತು, ನಿಧಾನ ಆತು, ಇರ್ಲಿ ಬಿಡು ಅಂತ ಬಿಟ್ಟಿದ್ದ. ಅಂದ್ರ ಆ ಹುಡುಗ ಬೇಕಂತ್ಲೇ 100ಕ್ಕ ಇಳಿಸಿದ್ದ, ಸೆಲ್ ಸತ್ತದ್ದು ಆಮ್ಯಾಲಿನ ಮಾತು. ಸ್ಪೀಡ್ ಇಳಿಸಿ ಕೊಡೋದು ನಮ್ ಧಂದೆದಾಗ ಭಾಳ ನಡೀತೈತಿ, ನಾನೂ ಮಾಡೀನಿ, ಸುಳ್ಳ ಯಾಕ ಹೇಳ್ಲಿ. ಆದ್ರ ಅದು ಜ್ವರ ಬಂದವಗ ಹೊದಿಕಿ ಹೊಚ್ಚಿದಂಗ. ಒಳಗಿನ ರೋಗ ಅಲ್ಲೇ ಇರ್ತೈತಿ, ಬೆಳೀತೈತಿ, ಎರಡು ವರ್ಷ ಬಿಟ್ಟು 1100ದಾಗೂ ಹ್ಯಾಂಗ್ ಆಗಾಕ ಶುರು ಆತು.

ಇಲ್ಲಿ ಹಾಲ್‌ನ್ಯಾಗ ಒಬ್ಬ ಹುಡುಗ ಕೈ ಎತ್ತಿದ. "ಸರ್ರ, ಅದ ಚಿಪ್ಪು, ಅದ ಸಾಫ್ಟ್‌ವೇರು, 1100ದಾಗ ನಡೀತೈತಿ 1833ರಾಗ ನಡ್ಯಾಂಗಿಲ್ಲ ಅಂದ್ರ ಹೆಂಗ್ರಿ?" ಅಂದ. ಚಲೋ ಪ್ರಶ್ನೆ. ಪ್ರೆಸ್ಸಿನವ್ರು ಇದ್ರಲ್ಲ, ನಾ ಹಳೇ ಅಚ್ಚಿನ ಟ್ರೆಡಲ್ ಮಷಿನ್ ನೆನಪ್ ಮಾಡ್ಸಿದೆ. ಟ್ರೆಡಲ್ ಬಾಯಿ ತಗೀತೈತಿ, ಒಂದ್ ಕೈಲೆ ಅಚ್ಚಾದ ಹಾಳಿ ತಗೀಬೇಕು, ಇನ್ನೊಂದ್ ಕೈಲೆ ಹೊಸಾ ಹಾಳಿ ಇಡಬೇಕು, ಬಾಯಿ ಮುಚ್ಚತೈತಿ. ನೀ ಇಟ್ಟಿಯೋ ಇಲ್ಲೋ ಮಷಿನ್ ನೋಡಂಗಿಲ್ಲ, ಹೊತ್ತಿಗೆ ಮುಚ್ಚತೈತಿ. ಹಾಳಿ ಸೊಟ್ಟ ಇದ್ರ ಅಚ್ಚು ಸೊಟ್ಟ. ಪ್ರೊಸೆಸರ್ ಒಳಗ ಹಿಂಗ ಐತಿ. 1833 ಮೆಗಾಹರ್ಟ್ಸ್ ಅಂದ್ರ ಒಂದ್ ಸಲ ಬಾಯಿ ತಗದು ಮುಚ್ಚಾಕ 0.545 ನ್ಯಾನೋಸೆಕೆಂಡು. ಅಷ್ಟರಾಗ ಒಳಗಿನ ಸಣ್ಣ ಸಣ್ಣ ಸ್ವಿಚ್ಚು ಒಂದರ ಹಿಂದ ಒಂದು ತಿರಗಿ ಲೆಕ್ಕ ಮುಗಿಸಿ ಉತ್ತರ ತಂದ್ ಇಟ್ಟಿರಬೇಕು. 1100ದಾಗ ಅದಕ್ಕ 0.909 ಸಿಗತೈತಿ. ಇನ್ನ ಆ ಹಾಳಿ ಇಡೋ ಮನಿಷ್ಯಾನ್ನ ವಿಚಾರ ಮಾಡ್ರಿ. ಹೊಟ್ಟಿತುಂಬ ಉಂಡಿದ್ರ ಕೈ ಚುರುಕು, ಉಪಾಸ ಇದ್ರ ನಿಧಾನ, ಅದು ವೋಲ್ಟೇಜು. ಬೆಳಿಗ್ಗೆ ತಂಪಿನಾಗ ಚುರುಕು, ಮಧ್ಯಾಹ್ನ ಪತ್ರಾಸ್ ಬುಡಕ ಬೆವತು ನಿಂತಾಗ ನಿಧಾನ, ಅದು ಶಾಖ. ಕಂಪನಿಯವ್ರು 1833 ಅಂತ ಅಚ್ಚ್ ಹಾಕಿ ಕೊಟ್ಟದ್ದು 1.65 ವೋಲ್ಟ್ ಸರಿಯಾಗಿ ಸಿಕ್ರ, ಚಿಪ್ಪಿನ ಶಾಖ 85 ಡಿಗ್ರಿ ದಾಟದಿದ್ರ ಅಂತ. ಊಟ ಕೊಡದ, ಬಿಸಲಾಗ ನಿಂದ್ರಿಸಿ, ಹಾಳಿ ಸೊಟ್ಟ ಆತು ಅಂತ ಬಯ್ದ್ರ ತಪ್ಪು ಯಾರ್ದು? ನನ್ನ ಇಪ್ಪತ್ತು ವರ್ಷದಾಗ ತಾನಾಗೇ ಕೆಟ್ಟ ಪ್ರೊಸೆಸರ್ ನೋಡಿದ್ದು ಕೈಬೆರಳಲೆ ಎಣಸಬಹುದು, ಸುತ್ತಲಿಂದು ಕೆಟ್ಟು ಅದರ ಹೆಸರು ಕೆಡಿಸಿದ್ದು ನೂರಾರು.

ಸರಿ, ಒಂದೊಂದ ತಗದ್ವಿ. ಮೊದಲು ರ್ಯಾಮು, ಯಾಕಂದ್ರ ಅದು ಭಾಳ ಸಲೀಸು. ಮಷಿನ್ ಬಂದಾಗ ಡಿಡಿಆರ್ 333ರದು ಒಂದು ಕಡ್ಡಿ ಇತ್ತು, ಆಮ್ಯಾಲ ಯಾರೋ ಡಿಡಿಆರ್ 266ರದೊಂದು 256 ಎಂಬಿ ಕಡ್ಡಿ ಸೇರ್ಸಿದ್ರು. 166ರ ತಾಳಕ್ಕ ರ್ಯಾಮೂ ಅದ ತಾಳಕ್ಕ ಓಡಬೇಕು ಅಂತ ಬೋರ್ಡು ಇಟ್ಕೊಂಡಿತ್ತು, ಡಿಡಿಆರ್ ನಂಬರ್ ತಾಳದ ಎರಡು ಪಟ್ಟು, 266 ಅಂದ್ರ 133ರ ತಾಳ, ಆ 133ರ ಕಡ್ಡಿ ಪಾಪ ಅಲ್ಲಿಗೆ ಮುಟ್ಟಾಂಗಿಲ್ಲ. ಆ ಕಡ್ಡಿ ಕಿತ್ತೆ, ಇದ್ದದ್ದೊಂದ ಇಟ್ಟು ರ್ಯಾಮ್ ಪರೀಕ್ಷಾ ಮಾಡೋ ಮೆಮ್‌ಟೆಸ್ಟ್ ರಾತ್ರಿಯೆಲ್ಲಾ ಬಿಟ್ಟೆ, ಬೆಳಿಗ್ಗೆ ಒಂದೂ ತಪ್ಪಿಲ್ಲ. ಎಕ್ಸ್‌ಪಿ ಆನ್ ಆತು, 1.83 ಅಂತ ತೋರಸ್ತು, ಮಾವ ಚಾ ತರ್ಸಿದ. ಚಾ ಕುಡಿಯೋದ್ರಾಗ ರಿಸ್ಟಾರ್ಟ್ ಆತು.

ಆಮ್ಯಾಲ ಶಾಖ. ಪ್ರೆಸ್ಸಿನಾಗ ಬರೇ ಧೂಳಿರಂಗಿಲ್ರಿ, ಹಾಳಿ ಕತ್ತರಿಸಿದ ನವಿರ ಇರ್ತೈತಿ, ಅರಳಿಯಂಥಾದ್ದು, ಅದು ಚಿಪ್ಪಿನ ಮ್ಯಾಲ ಕುಂತು ಶಾಖ ಎಳಿಯೋ ಹೀಟ್‌ಸಿಂಕಿನ ಸಂದ್ಯಾಗ ಹೋಗಿ ಕಂಬಳಿ ಹಾಸಿದಂಗ ಕುಂತಿತ್ತು. ಈ ಅಥ್ಲಾನಿಗೆ ಈಗಿನವಕ್ಕ ಇರೋಹಂಗ ಮ್ಯಾಲ ಲೋಹದ ಮುಚ್ಚಳ ಇಲ್ಲ, ಚಿಪ್ಪಿನ ಮೈ ಬತ್ತಲೆ, ಹೆಬ್ಬೆಟ್ಟಿನ ಉಗುರಿನಷ್ಟ ಜಾಗಾ, ಅಲ್ಲಿಂದ ಪೂರ್ತಿ ದುಡದಾಗ 68 ವ್ಯಾಟ್ ಶಾಖ ಹೊರಗ ಬರಬೇಕು. ಹಳೇ 60 ವ್ಯಾಟಿನ ಗುಂಡು ಬಲ್ಬ್ ಮುಟ್ಟಿ ಕೈ ಸುಟ್ಕೊಂಡವ್ರಿಗೆ ತಿಳೀತೈತಿ. ಚಿಪ್ಪಿನಿಂದ ಹೀಟ್‌ಸಿಂಕಿಗೆ ಶಾಖ ದಾಟಿಸೋ ಥರ್ಮಲ್ ಪೇಸ್ಟ್ ಒಣಗಿ ಸುಣ್ಣ ಆಗಿತ್ತು. ಹೀಟ್‌ಸಿಂಕ್ ತಗದು ಬ್ರಶ್ಶಿಲೆ ತೊಳದು, ಹಳೇ ಪೇಸ್ಟು ಸ್ಪಿರಿಟ್ಟಿಲೆ ಒರಸಿ, ಹೊಸಾದು ತೆಳ್ಳಗ ಸವರಿ ಹಾಕಿದೆ. ಇಲ್ಲಿ ಹುಡುಗ್ರಿಗೆ ಒಂದು ಮಾತು: ಆ ಕ್ಲಿಪ್ ಹಾಕಬೇಕಾರ ಸ್ಕ್ರೂಡ್ರೈವರ್‌ಲೆ ಒತ್ತಬೇಕಾಗ್ತೈತಿ, ಜಾರಿದ್ರ ಬೋರ್ಡಿನ ಗೆರಿ ಕಡದ್ ಹೋಗ್ತಾವು, ಹೀಟ್‌ಸಿಂಕ್ ಓರಿ ಇಟ್ಟು ಒತ್ತಿದ್ರ ಚಿಪ್ಪಿನ ಮೂಲಿ ಒಡೀತೈತಿ. ಅವಸರ ಇದ್ದ ದಿನ ಆ ಕೆಲಸಕ್ಕ ಕೈ ಹಾಕಬ್ಯಾಡ್ರಿ. ನಾ 2005ರ ಸುಮಾರು ಒಬ್ಬ ಗಿರಾಕಿದು ಒಡದು ನನ್ನ ರೊಕ್ಕದಾಗ ಹೊಸಾದು ಹಾಕಿ ಕೊಟ್ಟೀನಿ.

ಪೂರ್ತಿ ಲೋಡಿನಾಗ 79 ಡಿಗ್ರಿ ಇದ್ದದ್ದು 61ಕ್ಕ ಬಂತು. ಆ ದಿನ ಕೋಲಿ ಒಳಗ 37 ಇತ್ತು ಅನ್ನೋದನ್ನ ಮರೀಬಾರ್ದು. ಹೀಟ್‌ಸಿಂಕ್ ಚಿಪ್ಪನ್ನ ಕೋಲಿ ಗಾಳಿಗಿಂತ ಇಷ್ಟು ಡಿಗ್ರಿ ಮ್ಯಾಲ ಇಡತೈತಿ, ಅಷ್ಟ ಅದರ ಕೈಲಾಗೋದು, ಗಾಳಿಗಿಂತ ತಂಪು ಮಾಡಾಂಗಿಲ್ಲ. ಸಂಕ್ರಾಂತಿ ಮುಂದ 24 ಇದ್ದಾಗ ಚಲೋ ನಡದ ಮಷಿನ್ ಏಪ್ರಿಲ್‌ನ್ಯಾಗ ಯಾಕ ಕೈ ಕೊಡ್ತೈತಿ ಅಂದ್ರ, ಹೊರಗ ಏರಿದ 13 ಡಿಗ್ರಿ ಒಳಗೂ ಏರಿರ್ತೈತಿ. ಅದಕ್ಕ ನಮ್ ಕಡೆ ಟೆಸ್ಟ್ ಮಾಡೋದಿದ್ರ ಮಧ್ಯಾಹ್ನ ಎರಡಕ್ಕ ಮಾಡ್ರಿ, ಬೆಳಿಗ್ಗೆ ಎಂಟಕ್ಕ ಪಾಸ್ ಆದದ್ದು ಪಾಸ್ ಅಲ್ಲ.

ಇಷ್ಟಾದ್ರೂ ರಿಸ್ಟಾರ್ಟ್ ನಿಲ್ಲಲಿಲ್ಲ. ಈಗ ನನ್ನ ಶಾಣ್ಯಾತನದ ಕಥಿ ಕೇಳ್ರಿ. ಎಸ್‌ಎಂಪಿಎಸ್, ಅಂದ್ರ ಮನಿ ಕರೆಂಟನ್ನ 5, 12 ವೋಲ್ಟಿಗೆ ಇಳಿಸಿ ಕೊಡೋ ಪೆಟ್ಟಿಗಿ, ಹಳೇದಾಗೇತಿ ಅಂತ ಅಂದ್ಕೊಂಡು ಹುಬ್ಬಳ್ಳಿಯಿಂದ ಹೊಸಾದು, ಮ್ಯಾಲ 450 ವ್ಯಾಟ್ ಅಂತ ಚೀಟಿ ಹಚ್ಚಿದ್ದು, ತಗೊಂಡ್ ಹೋಗಿ ಹಾಕಿದೆ. ಮೊದಲಿಗಿಂತ ಜಾಸ್ತಿ ರಿಸ್ಟಾರ್ಟ್! ಅರ್ಧ ದಿನ ತಲಿ ಕೆರ್ಕೊಂಡೆ. ಆಮ್ಯಾಲ ಬೋರ್ಡ್ ನೋಡಿದೆ, ಪ್ರೊಸೆಸರ್ ಹತ್ರ 12 ವೋಲ್ಟ್ ತರೋ ನಾಕು ಪಿನ್ನಿನ ಆ ಚೌಕ ಕನೆಕ್ಟರೇ ಇಲ್ಲ. ಆವಾಗ ಬಲ್ಬ್ ಹತ್ತಿತು. ಆ ಕಾಲದ ಎಎಂಡಿ ಬೋರ್ಡು ಭಾಳಷ್ಟು ಪ್ರೊಸೆಸರಿಗೆ ಬೇಕಾದ ಕರೆಂಟನ್ನ 5 ವೋಲ್ಟಿನ ಲೈನಿನಿಂದ ತಗೋತಾವು, 12ರಿಂದ ಅಲ್ಲ. ಲೆಕ್ಕ ಹಾಕ್ರಿ, ಚಿಪ್ಪಿಗೆ 68 ವ್ಯಾಟ್, ನಡುವ ಇಳಿಸೋ ಸರ್ಕ್ಯೂಟ್ ತಿನ್ನೋದು ಸೇರ್ಸಿದ್ರ 85 ಹಿಡೀರಿ, ಅದನ್ನ 5ರಿಂದ ಭಾಗಿಸಿದ್ರ 17 ಆಂಪಿಯರ್. 12ರಿಂದ ಆಗಿದ್ರ 7 ಸಾಕಿತ್ತು. ಈಗಿನ ಎಸ್‌ಎಂಪಿಎಸ್ ಮಾಡೋರು ಇದ್ದ ಬಲ ಎಲ್ಲಾ 12ರ ಲೈನಿಗೆ ಹಾಕಿರ್ತಾರ, ಈಗಿನ ಬೋರ್ಡಿಗೆ ಅದ ಬೇಕು, 5ರ ಲೈನ್ ಬಡಕಲ. ಹಿಂಗಾಗಿ ಹೊಸಾದು ಹಾಕಿದ್ರ ಹಳೇ ಮಷಿನ್ ಉಪಾಸ ಬಿತ್ತು.

ನೋಡೋದು ಹೆಂಗಂದ್ರ, ಹಾರ್ಡ್‌ಡಿಸ್ಕಿಗೆ ಹೋಗೋ ದೊಡ್ಡ ಕನೆಕ್ಟರ್‌ನ್ಯಾಗ ಕೆಂಪು ವಾಯರ್ 5, ಹಳದಿ 12, ಕರೀದು ಗ್ರೌಂಡು. ಮಲ್ಟಿಮೀಟರಿನ ಕಡ್ಡಿ ಕೆಂಪಿಗೂ ಕರೀದಕ್ಕೂ ಹಿಡೀರಿ. 5ರದು 4.75ಕ್ಕಿಂತ ಕೆಳಗ ಹೋಗಬಾರ್ದು, 12ರದು 11.4ಕ್ಕಿಂತ. ಆದ್ರ ಬಯಾಸ್ ಸ್ಕ್ರೀನ್ ನೋಡ್ಕೋತ ಸುಮ್ನ ನಿಂತಾಗ ಅಳಿಯೋದು ಉಪಯೋಗಿಲ್ಲ, ಪ್ರೊಸೆಸರ್ ದುಡೀಬೇಕಾರ ಅಳೀಬೇಕು. ಸುಮ್ನಿದ್ದಾಗ 4.9 ಇತ್ತು, ಲೋಡ್ ಕೊಟ್ಟ ಕೂಡ್ಲೇ 4.62. ಹುಬ್ಬಳ್ಳ್ಯಾಗ ದುರ್ಗದ ಬೈಲ್ ಕಡೆ ಒಬ್ರ ಹತ್ರ ಹಳೇ ಸಾಮಾನಿನ ರಾಶಿಯೊಳಗ ಹುಡುಕಿ, ಚೀಟಿ ಮ್ಯಾಲ 5 ವೋಲ್ಟಿಗೆ 30 ಆಂಪಿಯರ್ ಅಂತ ಬರದ ಒಂದು ಭಾರದ ಎಸ್‌ಎಂಪಿಎಸ್ ತಗೊಂಡೆ, ಮುನ್ನೂರು ರೂಪಾಯಿ. ಎಸ್‌ಎಂಪಿಎಸ್ ಕೈಯಾಗ ಎತ್ತಿ ನೋಡ್ರಿ, ಹಗರ ಇದ್ರ ತಗೋಬ್ಯಾಡ್ರಿ. ಇದು ವಿಜ್ಞಾನ ಅಲ್ಲ, ಆದ್ರ ನನಗ ಭಾಳ ಸಲ ಕೈ ಹಿಡದೈತಿ.

ಈಗ ಲೋಡಿನಾಗೂ 4.88. ಪ್ರೈಮ್95 ಹಚ್ಚಿದೆ. ಇದು ಏನಂದ್ರ, ದೊಡ್ಡ ದೊಡ್ಡ ಅವಿಭಾಜ್ಯ ಸಂಖ್ಯೆ ಹುಡುಕಾಕ ಮಾಡಿದ ಪ್ರೋಗ್ರಾಂ, 1996ರಾಗ ಜಾರ್ಜ್ ವೋಲ್ಟ್‌ಮನ್ ಅನ್ನೋರು ಶುರು ಮಾಡಿದ ಕೆಲಸದ್ದು. ನಮಗ ಆ ಸಂಖ್ಯೆ ಬ್ಯಾಡ, ಅದರ ಟಾರ್ಚರ್ ಟೆಸ್ಟ್ ಬೇಕು. ಮೊದಲ ಉತ್ತರ ಗೊತ್ತಿರೋ ಲೆಕ್ಕಾನ ಪ್ರೊಸೆಸರಿಗೆ ಕೊಟ್ಟು, ಮಾಸ್ತರ್ ಹಂಗ ತಾಳೆ ನೋಡ್ತೈತಿ. ಮಷಿನ್ ಹ್ಯಾಂಗ್ ಆಗದ, ನೀಲಿ ಸ್ಕ್ರೀನ್ ಬರದ, ಸುಮ್ನ ತಪ್ಪು ಉತ್ತರ ಕೊಡೋದು ಹಿಡಿಯಾಕ ಇದಕ್ಕಿಂತ ಸಲೀಸ್ ದಾರಿ ನನಗ ಗೊತ್ತಿಲ್ಲ. ನಲವತ್ತು ನಿಮಿಷಕ್ಕ ಕೆಂಪ್ ಬಣ್ಣ ಆತು, "ರೌಂಡಿಂಗ್ ವಾಸ್ 0.5, ಎಕ್ಸ್‌ಪೆಕ್ಟೆಡ್ ಲೆಸ್ ದ್ಯಾನ್ 0.4" ಅಂತ. ಅದೇ ಹೊತ್ತಿನಾಗ ಪಕ್ಕದಾಗ ಪೇಜ್‌ಮೇಕರ್ ಆರಾಮ್ ನಡದಿತ್ತು. ಮಾವ "ಮತ್ತ ಆತಲ್ಲ, ನಡದೈತಿ" ಅಂದ. ಇಲ್ಲ ಮಾವ, ಲೆಕ್ಕ ತಪ್ಪಾಕತ್ತೈತಿ, ಇವತ್ತು ಇದರಾಗ ತಪ್ಪಿದ್ದು ನಾಳೆ ಫೈಲ್ ಸೇವ್ ಮಾಡಬೇಕಾರ ತಪ್ಪಿದ್ರ ನಿನ್ನ ಇಪ್ಪತ್ತು ವರ್ಷದ ಗಣಪತಿ ತೆರಿಯಾಂಗಿಲ್ಲ ಅಂದೆ. ಆಮ್ಯಾಲ ಅವ ಸುಮ್ನಾದ.

ಉಳದದ್ದು ಕೆಪ್ಯಾಸಿಟರ್. ಪ್ರೊಸೆಸರ್ ಸುತ್ತ ಸಣ್ಣ ಡ್ರಮ್ಮಿನಂಗ ನಿಂತಿರ್ತಾವಲ್ಲ, ಅವು. 1999ರಿಂದ 2007ರ ತನಕ ಬಂದ ಬೋರ್ಡಿನಾಗ ಇವುಗಳ ಒಳಗಿನ ದ್ರವ ಕೆಟ್ಟದ್ದಿತ್ತು ಅಂತ ಜಗತ್ತಿನ ತುಂಬ ಗದ್ದಲ ಆಗಿತ್ತು. ಚಲೋ ಕೆಪ್ಯಾಸಿಟರಿನ ತಲಿ ಸಪಾಟ ಇರ್ತೈತಿ, ಕೆಟ್ಟದ್ದು ಪೂರಿ ಉಬ್ಬಿದಂಗ ಉಬ್ಬಿರ್ತೈತಿ, ಕೆಲವದಕ್ಕ ಮ್ಯಾಲ ಕಂದ ಬಣ್ಣದ ಕಲಿ. ಮಾವನ ಬೋರ್ಡಿನಾಗ ಮೂರು ಉಬ್ಬಿದ್ದವು, ನಾ ಮೊದಲ ದಿನ ನೋಡಬೇಕಿತ್ತು, ಹೀಟ್‌ಸಿಂಕಿನ ನೆರಳಾಗ ಅದಾವಂತ ಟಾರ್ಚ್ ಹಿಡೀಲಿಲ್ಲ. ಇವುಗಳ ಕೆಲಸ ಏನಂದ್ರ, ಪ್ರೊಸೆಸರ್ ಒಮ್ಮಿಂದೊಮ್ಮೆ 40 ಆಂಪಿಯರ್ ಎಳದಾಗ ವೋಲ್ಟೇಜ್ ಕುಸೀದಂಗ ಹಿಡಿಯೋದು, ಓಣ್ಯಾಗ ನೀರು ವಾರಕ್ಕೊಮ್ಮಿ ಬಂದ್ರೂ ಮನಿ ಮ್ಯಾಲಿನ ಟಾಕಿ ನಳ ನಡಸ್ತೈತಲ್ಲ, ಹಂಗ. ಮಜಾ ಏನಂದ್ರ ಮಲ್ಟಿಮೀಟರ್‌ನ್ಯಾಗ ಇದು ಕಾಣಂಗಿಲ್ಲ, ಅದು ಸರಾಸರಿ ತೋರಸ್ತೈತಿ, 1.65 ಇದ್ದಂಗ ಇರ್ತೈತಿ, ಒಳಗ ಮೈಕ್ರೋಸೆಕೆಂಡಿನಾಗ ಏರೋದು ಇಳಿಯೋದು ಅದಕ್ಕ ತಿಳ್ಯಾಂಗಿಲ್ಲ. ಪೂರ್ತಿ ಊಟ ಸಿಕ್ಕೈತಿ ಅಂತ ಮೀಟರ್ ಹೇಳ್ತೈತಿ, ಆದ್ರ ತುತ್ತು ನಡುನಡುವ ತಪ್ಪಾಕತ್ತಿರ್ತೈತಿ.

ಬದಲಿ ಮಾಡೋದ್ರಾಗೂ ಒಮ್ಮಿ ಎಡವಿದೆ. 3300 ಮೈಕ್ರೋಫ್ಯಾರಡ್, 6.3 ವೋಲ್ಟ್ ಅಂತ ಇತ್ತು, ಟಿವಿ ರಿಪೇರಿ ಅಂಗಡ್ಯಾಗ ಅದ ನಂಬರಿನ ಸಾದಾ ಕೆಪ್ಯಾಸಿಟರ್ ಸಿಕ್ಕವು, ಹಾಕಿದೆ, ಮಷಿನ್ ಆನ್ ಆತು, ಪ್ರೈಮ್95 ಎರಡು ತಾಸಿಗೆ ಬಿತ್ತು. ನಂಬರ್ ಒಂದ ಇದ್ರ ಸಾಲಂಗಿಲ್ಲ, ಒಳಗಿನ ಅಡ್ಡಿ ಕಡಿಮಿ ಇರೋ ಜಾತಿ ಬೇಕು, ಲೋ ಇಎಸ್‌ಆರ್ ಅಂತಾರ, 105 ಡಿಗ್ರಿದು. ಟಾಕಿ ಎಷ್ಟ ದೊಡ್ಡದಿದ್ರೂ ಪೈಪ್ ಸಣ್ಣದಿದ್ರ ನೀರ್ ಜೋರ್ ಬರಂಗಿಲ್ಲಲ್ಲ. ಅವನ್ನ ತರ್ಸಿ, ಉಬ್ಬಿದ ಮೂರಷ್ಟ ಅಲ್ಲ, ಸಾಲಿನಾಗ ಇದ್ದ ಎಲ್ಲಾ ಆರೂ ಬದಲಿಸಿದೆ. ಬಿಚ್ಚೋಕಿಂತ ಮೊದಲು ಫೋಟೋ ಹೊಡ್ಕೋರಿ, ಪ್ಲಸ್ ಮೈನಸ್ ಅದಲಿಬದಲಿ ಆದ್ರ ಪಟಾಕಿ. ಬೋರ್ಡಿನ ಗ್ರೌಂಡ್ ಪದರು ಶಾಖ ಎಲ್ಲಾ ನುಂಗತೈತಿ, 25 ವ್ಯಾಟಿನ ಸೋಲ್ಡರಿಂಗ್ ಕಡ್ಡಿಲೆ ಕರಗಾಂಗಿಲ್ಲ, 60ರದು ಬೇಕು, ಹಳೇ ಸೀಸದ ಮ್ಯಾಲ ಸ್ವಲ್ಪ ಹೊಸಾದು ಕೊಟ್ಟು ಕರಗಿಸಿದ್ರ ಸಲೀಸ್ ಬರ್ತಾವು.

ಪ್ರೈಮ್95 ಹನ್ನೆರಡು ತಾಸು ನಡೀತು, ಮಧ್ಯಾಹ್ನದ ಬಿಸಲೂ ಅದರಾಗ ಬಂತು, ನಡುವ ಎರಡ್ ಸಲ ಕರೆಂಟ್ ಹೋಗಿ ಯುಪಿಎಸ್ ಹಿಡೀತು. ಒಂದೂ ತಪ್ಪಿಲ್ಲ. 1833.

ಮಾತು ಮುಗದ ಮ್ಯಾಲ ಹಾವೇರಿಯಿಂದ ಬಂದ ಒಬ್ರು ಅಣ್ಣಾರು ಕೇಳಿದ್ರು, ಅವರದು ಇಂಟೆಲ್ ಕೋರ್ 2 ಡುಯೋ ಇ7500, 2.93 ಇರಬೇಕಾದ್ದು 1.6 ತೋರಸ್ತೈತಿ, ಸೆಲ್ ಹೋತೇನು ಅಂತ. ಇಲ್ರಿ, ಅದು ನಿದ್ದಿ. 266ರ ತಾಳ ಹಂಗ ಇರ್ತೈತಿ, ಕೆಲಸ ಇಲ್ಲದಾಗ ಚಿಪ್ಪು 11 ಪಟ್ಟು ಬಿಟ್ಟು 6 ಪಟ್ಟಿಗೆ ಇಳೀತೈತಿ, 6 266ಲೆ 1600. ಏನಾರ ದೊಡ್ಡ ಕೆಲಸ ಹಚ್ಚಿ ನೋಡ್ರಿ, ಎದ್ದು ಕುಂದರ್ತೈತಿ. ಸಿಪಿಯು-ಝಡ್ ಅಂತ ಸಣ್ಣ ಪ್ರೋಗ್ರಾಂ ಐತಿ, ಅದು ತಾಳ ಬ್ಯಾರೆ, ಪಟ್ಟು ಬ್ಯಾರೆ ತೋರಸ್ತೈತಿ. ಪಟ್ಟು ಇಳದ್ರ ನಿದ್ದಿ, ತಾಳ ಇಳದ್ರ ಬೋರ್ಡಿನ ತಪ್ಪು. ಇದಕ್ಕ ತದ್ವಿರುದ್ಧ ಹಳೇ ಪೆಂಟಿಯಂ 4 ಪ್ರೆಸ್ಕಾಟ್, ಕಾದಾಗ ನಂಬರ್ ಮಾತ್ರ 3.0 ಅಂತ್ಲೇ ತೋರಿಸ್ಕೋತ ಒಳಗ ಒಂದ್ ಬಿಟ್ಟು ಒಂದು ತಾಳ ತಪ್ಪಸ್ತೈತಿ, ಮಷಿನ್ ಎಮ್ಮಿ ಆಗಿರ್ತೈತಿ. ಅವುಗಳಾಗ ಕೆಲವದರ ಹೀಟ್‌ಸಿಂಕಿಗೆ ನಾಕು ಪ್ಲಾಸ್ಟಿಕ್ ಪಿನ್ ಇರ್ತಾವು, ಹತ್ತರಾಗ ಆರು ಸಲ ಒಂದು ಪಿನ್ ಕುಂತಿರಂಗಿಲ್ಲ.

ಇನ್ನೊಬ್ಬ ಹುಡುಗ ಕೇಳಿದ, ವೋಲ್ಟೇಜ್ ಸ್ವಲ್ಪ ಏರ್ಸಿದ್ರ ಇಷ್ಟೆಲ್ಲಾ ತ್ರಾಸ್ ತಪ್ತಿತ್ತಲ್ರಿ ಅಂತ. 1.65 ಇದ್ದದ್ದು 1.70 ಮಾಡಿದ್ರ ಖರೇನ ತಪ್ಪಬಹುದು, ಶಾಖ ನೂರಕ್ಕ ಆರು ಏರ್ತೈತಿ, ಕೆಟ್ಟ ಕೆಪ್ಯಾಸಿಟರ್ ಮ್ಯಾಲ ಇನ್ನಷ್ಟು ಭಾರ ಬೀಳ್ತೈತಿ, ಆರು ತಿಂಗಳಿಗೆ ಮತ್ತ ಬರ್ತೀ. ಸಾಮಾನು ಸಿಗದ ಇದ್ರ ಸ್ಪೀಡ್ ಇಳಿಸೋದ ಮೇಲು, 100ಕ್ಕಲ್ಲ, 133ಕ್ಕ, 1466 ಬರ್ತೈತಿ, ಪೇಜ್‌ಮೇಕರಿಗೆ ಅದು ಸಾಕು. ಆದ್ರ ಇಳಿಸೀನಿ ಅಂತ ಗಿರಾಕಿಗೆ ಬಾಯಿ ಬಿಟ್ಟು ಹೇಳಿ ಇಳಿಸ್ರಿ, ಮತ್ತ ಇಳಿಸಿದ ಮ್ಯಾಲೂ ಆ ಹನ್ನೆರಡು ತಾಸಿನ ಟೆಸ್ಟ್ ಬಿಡಬ್ಯಾಡ್ರಿ.

ಮಾವನ ಮಷಿನ್ ಈಗೂ ನಡದೈತಿ. ಸೆಲ್ಲು, ಕೆಪ್ಯಾಸಿಟರ್, ಎಸ್‌ಎಂಪಿಎಸ್, ಪೇಸ್ಟು ಎಲ್ಲಾ ಕೂಡಿ ಏಳ್ನೂರು ರೂಪಾಯಿ ಒಳಗ ಆತು, ನಾ ಹುಬ್ಬಳ್ಳಿ-ಗದಗ ಓಡಾಡಿದ ಬಸ್ಸಿನ ಚಾರ್ಜ್ ಬ್ಯಾರೆ. ಮೊನ್ನೆ ಹೋದಾಗ ಮಾವ ಪತ್ರಿಕಿ ಅಚ್ಚ್ ಹಾಕಾಕತ್ತಿದ್ದ. ನನ್ನ ನೋಡಿ, ಎಲ್ಲಾ ಚಲೋ ಐತಿ ಅಳಿಯಾ, ಒಂದ ಕೇಳ್ತೀನಿ, 1833 ಅಂತಿ, ಡಬ್ಬಿ ಮ್ಯಾಲ 2500 ಐತಿ, ಇನ್ನೂ ಆರ್ನೂರಾ ಅರವತ್ತೇಳು ಎಲ್ಲೈತಿ, ಅದನ್ನೂ ಒಮ್ಮಿ ಬಿಡುವಾದಾಗ ಹುಡುಕಿ ಕೊಡು ಅಂದ.